ಹುಲಿಗೆಮ್ಮನ ಪಾಲು

ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಕಸಬರಿಗೆಯನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದವಳು ಹುಲಿಗೆಮ್ಮ ಒಬ್ಬಳೇ. ಉಳಿದ ಹೆಂಗಸರು ಚೀಲಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಆಗಲೇ ಕಾಳು ಬಳಿಯಲು ಶುರುಮಾಡಿರುತ್ತಿದ್ದರು. ಇವಳು ಮಾತ್ರ ಕೊನೆಯ ಚೀಲ ಲಾರಿ ಏರುವವರೆಗೂ ನಿಂತಿದ್ದು, ಆಮೇಲೆ ಭತ್ತ ತಂದ ರೈತನ ಮುಂದೆ ಹೋಗಿ ಕೇಳುತ್ತಿದ್ದಳು: “ಯಪ್ಪಾ, ನಿಂದು ಮುಗೀತೇನು?”

“ಮುಗೀತು ಬೇ, ನಿಂದು ನಡಸು” ಎಂದು ಅವನು ಹೇಳಿದ ಮೇಲೆಯೇ ಕಸಬರಿಗೆ ಹೆಗಲಿನಿಂದ ಇಳಿಯುತ್ತಿತ್ತು. ರೈತ ಚಾ ಕುಡಿಯಲು ಹೋಗಿದ್ದರೆ ಅವನು ಬರುವ ತನಕ ಕಾಯುವಳು. ಅಷ್ಟರಲ್ಲಿ ಬೇರೆಯವರು ಅರ್ಧ ನೆಲ ಗುಡಿಸಿ ಮುಗಿಸಿದರೂ ಅವಳ ಪದ್ಧತಿ ಬದಲಾಗಲಿಲ್ಲ.

ನಮ್ಮಪ್ಪನದು ಗಂಜಿನಲ್ಲಿ ಅಡತಿ ಅಂಗಡಿ. ಮಟಮಾರಿ, ಗಿಲ್ಲೆಸುಗೂರು, ಮಾನ್ವಿ ಕಡೆಯ ರೈತರು ಭತ್ತ ತಂದು ಅಂಗಡಿ ಮುಂದೆ ಇಳಿಸುವರು, ಅಕ್ಕಿ ಮಿಲ್ಲಿನವರು ಬಂದು ನೋಡಿ ಕೊಳ್ಳುವರು, ನಡುವೆ ಕೂತು ವ್ಯಾಪಾರ ಕುದುರಿಸುವುದು ಅಪ್ಪನ ಕೆಲಸ. ಹಮಾಲರು ಕೊಕ್ಕೆ ಹಾಕಿ ಚೀಲ ಎತ್ತುವಾಗ ಒಂದಿಷ್ಟು ಕಾಳು ನೆಲಕ್ಕೆ ಸುರಿದೇ ಸುರಿಯುತ್ತಿತ್ತು. ಆ ಕಾಳು ಗುಡಿಸುವವರದು. ಇದನ್ನು ಯಾರೂ ಯಾವ ಕಾಗದದಲ್ಲೂ ಬರೆದಿರಲಿಲ್ಲ, ನಮ್ಮಜ್ಜನ ಕಾಲದಿಂದ ನಡೆದು ಬಂದಿತ್ತು, ಅಷ್ಟೇ.

ಹುಲಿಗೆಮ್ಮ ದೇವದುರ್ಗದ ಕಡೆಯ ಹಳ್ಳಿಯವಳು. ಸುಗ್ಗಿ ಬಂದರೆ ರಾಯಚೂರಿಗೆ ಬಂದು ತಂಗಿಯ ಮನೆಯಲ್ಲಿ ಇರುತ್ತಿದ್ದಳು. ಆಳು ಕುಳ್ಳಗೆ, ಬಾಯಿ ಮಾತ್ರ ಲಾರಿಯ ಹಾರ್ನು. ಅಪ್ಪನಿಗೂ ಅವಳಿಗೂ ದಿನಕ್ಕೊಮ್ಮೆ ಜಗಳ ಆಗದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

“ನೆಲ ನಮ್ಮದು, ನೆಲ್ಲು ರೈತರದು. ನಡುವ ನಿಂದು ಎಲ್ಲಿಂದ ಬಂತು ಹುಲಿಗೆಮ್ಮಾ?” ಎಂದು ಅಪ್ಪ ಗಾದಿಗೆ ಒರಗಿ ಕೆಣಕುವರು.

“ನೆಲ ನಿಮ್ಮದಾದ್ರ ನೆಲಾನ ಮಿಲ್ಲಿಗೆ ಕಳಸ್ರಿ, ಸಾವ್ಕಾರ್ರ. ಮಣ್ಣಾಗ ಬಿದ್ದದ್ದು ನೆಲ್ಲಲ್ಲ, ಮಣ್ಣು. ನಾ ಸಾಣಿಗಿ ಹಿಡದು, ಮರದಾಗ ಕೇರಿ, ಹಳ್ಳು ಆರಿಸಿದ ಮ್ಯಾಲೆ ಅದು ನೆಲ್ಲಾಗ್ತದ. ಮಣ್ಣನ್ನ ನೆಲ್ಲು ಮಾಡಿದಾಕಿ ನಾನು. ಮತ್ತ ಅದು ಯಾರದಾತು?”

ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡು, ಬಂದವರಿಗೆಲ್ಲ ದುಡಿಮೆಯ ಮಹಿಮೆ ಹೇಳುತ್ತಿದ್ದ ಅಪ್ಪ ನಕ್ಕು, “ಇಕೀಗೊಂದು ಚಾ ಕೊಡ್ರಪಾ, ಬಾಯಿ ಬಂದ್ ಆಗ್ಲಿ” ಎನ್ನುವರು. ಅವಳು ಚಾ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬಾಯಿ ಮುಂದುವರಿಸುತ್ತಿದ್ದಳು.

ನಾನಾಗ ಬಿ.ಎ. ಓದುತ್ತಿದ್ದೆ, ಅರ್ಥಶಾಸ್ತ್ರ. ರಜೆ ಇದ್ದಾಗ ಅಂಗಡಿಯಲ್ಲಿ ಕೂತು ಪುಸ್ತಕ ಹಿಡಿಯುವುದು, ಸಿಕ್ಕವರಿಗೆ ಪ್ರಶ್ನೆ ಕೇಳುವುದು ನನ್ನ ಚಾಳಿ. ಓದಿದವಳೆಂಬ ಜಂಬಕ್ಕೆ ಕಡಿಮೆ ಇರಲಿಲ್ಲ. ಒಮ್ಮೆ ಹುಲಿಗೆಮ್ಮನನ್ನೂ ಹಿಡಿದು ಕೂರಿಸಿ, “ನಿನ್ನ ಆಸ್ತಿ ಏನೇನು ಅದ, ಹೇಳು” ಎಂದೆ.

“ಈ ಮರ, ಈ ಸಾಣಿಗಿ, ಈ ಕಸಬರಿಗಿ” ಎಂದು ಮೊರ, ಜರಡಿ, ಕಸಬರಿಗೆ ಒಂದೊಂದನ್ನೇ ಮುಟ್ಟಿ ಬೆರಳು ಮಡಚಿದಳು. ಸ್ವಲ್ಪ ಯೋಚಿಸಿ ಇನ್ನೊಂದು ಬೆರಳು ಮಡಚಿ, “ಮತ್ತ ಯಾರ ಆಳೂ ಅಲ್ಲ ನಾನು. ಅದನ್ನೂ ಬರ್ಕೋ” ಎಂದಳು. ನಾನು ನಕ್ಕೆ. ಬರೆದುಕೊಳ್ಳಲಿಲ್ಲ.

ಇಲ್ಲಿ ಇನ್ನೊಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಅಪ್ಪನ ಗಾದಿಯ ಹಿಂದೆ ಒಂದು ದೊಡ್ಡ ತಗಡಿನ ಡಬ್ಬಿ ಇತ್ತು. ಮಿಲ್ಲಿನವರಿಗೆ ತೋರಿಸಲೆಂದು ಪ್ರತಿ ಚೀಲದಿಂದ ಒಂದು ಹಿಡಿ ಭತ್ತ ತೆಗೆಯುತ್ತಿದ್ದರು. ಅದಕ್ಕೆ ಸ್ಯಾಂಪಲ್ ಎಂದು ಹೆಸರು. ನೋಡಿದ ಮೇಲೆ ಅದು ಚೀಲಕ್ಕೆ ವಾಪಸು ಹೋಗುತ್ತಿರಲಿಲ್ಲ, ಡಬ್ಬಿಗೆ ಬೀಳುತ್ತಿತ್ತು. ಡಬ್ಬಿ ತುಂಬಿದರೆ ಮನೆಗೆ ಒಯ್ಯುವವಳು ನಾನೇ. ಶನಿವಾರ ಸಂಜೆ ಸ್ಕೂಟಿಯ ಮುಂದೆ ಚೀಲ ಇಟ್ಟುಕೊಂಡು ಹೋಗುತ್ತಿದ್ದೆ. ಅವ್ವ ಅದನ್ನು ಮಾಳಿಗೆಯ ಮೇಲೆ ಒಣಗಿಸಿ ಗಿರಣಿಗೆ ಹಾಕಿಸುವಳು. ನಮ್ಮ ಮನೆಯಲ್ಲಿ ಅಕ್ಕಿ ಕೊಂಡದ್ದನ್ನು ನಾನು ನೋಡಿಲ್ಲ. ಅದು ಯಾರ ಅಕ್ಕಿ ಎಂಬ ಪ್ರಶ್ನೆ, ಸಿಕ್ಕವರಿಗೆಲ್ಲ ಪ್ರಶ್ನೆ ಕೇಳುತ್ತಿದ್ದ ನನಗೆ ಒಂದು ದಿನವೂ ಬಂದಿರಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ಗಂಜಿನ ತುಂಬ ಸಿಟ್ಟೇ ಇತ್ತು. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು ಭತ್ತ ಹಸಿಯಾಗಿತ್ತು. ಮಿಲ್ಲಿನವರು ಮೂಗು ಮುರಿಯುವರು, ರೈತರು ಹಲ್ಲು ಕಡಿಯುವರು, ಹಮಾಲರು ಸಣ್ಣ ಮಾತಿಗೂ ಕೊಕ್ಕೆ ಎತ್ತುವರು. ಅಂಥ ಒಂದು ದಿನ ಮಟಮಾರಿಯ ಭೀಮಣ್ಣ ಎಂಬ ರೈತನ ಭತ್ತ ತೂಗಿದಾಗ, ಮನೆಯಲ್ಲಿ ತೂಗಿ ತಂದದ್ದಕ್ಕಿಂತ ಕಡಿಮೆ ಬಂತು.

“ನಾ ತಂದದ್ದು ಎಲ್ಲಿ ಹೋತು ಸಾವ್ಕಾರ್ರ? ದಾರ್ಯಾಗ ಇಲಿ ತಿಂದ್ವೇನು?” ಎಂದು ಅವನು ಅಂಗಡಿ ಕಟ್ಟೆ ಹತ್ತಿ ನಿಂತ. ಹಿಂದೆ ಹತ್ತಾರು ರೈತರು ಸೇರಿದರು. ಯಾರೋ ಅಂಗಡಿಯ ಬಾಗಿಲನ್ನು ಜೋರಾಗಿ ಗುದ್ದಿದರು. ಅಪ್ಪನ ಮುಖ ಬಿಳುಚಿತು. ಅವರು ಕೆಟ್ಟ ಮನುಷ್ಯರಲ್ಲ, ಈಗಲೂ ಹಾಗೆ ಹೇಳುತ್ತೇನೆ. ಆದರೆ ಹೆದರಿದ ಮನುಷ್ಯನ ಕೈ ತನಗಿಂತ ಕೆಳಗೆ ಇರುವವರ ಕಡೆಗೇ ಹೋಗುತ್ತದೆ. ಅವರ ಕೈ ಹುಲಿಗೆಮ್ಮನ ಕಡೆ ಹೋಯಿತು.

“ಇಕೀನ ಕೇಳ್ರಿ. ಹಮಾಲರ ಕೂಡ ಸೇರಿ ಕೊಕ್ಕಿ ಜೋರು ಹಾಕಿಸ್ತಾಳ. ಚೀಲ ಹರೀತದ, ಇಕಿ ತುಂಬ್ಕೊಂಡು ಹೋಗ್ತಾಳ.”

ಹೆಗಲ ಮೇಲೆ ಕಸಬರಿಗೆ ಹೊತ್ತು, ಭೀಮಣ್ಣ “ಮುಗೀತು” ಎನ್ನಲೆಂದು ಕಾಯುತ್ತಿದ್ದವಳು ಅವಳು. ಜನ ಅವಳ ಕಡೆ ತಿರುಗಿದರು. ಒಬ್ಬ ಅವಳ ಚೀಲಕ್ಕೆ ಕೈ ಹಾಕಿದ. ಅವನ ಕೈ ಸರಿಸಿ, ತಾನೇ ಚೀಲ ತಂದು ಬೆಳಗಿನಿಂದ ಗುಡಿಸಿದ್ದನ್ನೆಲ್ಲ ನಮ್ಮ ಕಟ್ಟೆಯ ಮುಂದೆ ಸುರಿದಳು. ಮಣ್ಣು, ಹೊಟ್ಟು, ಹಳ್ಳು, ನಾಲ್ಕಾರು ಅಂಗಡಿಗಳ ಮುಂದಿನ ಕಾಳು.

“ಭೀಮಣ್ಣಾ, ಇದ್ರಾಗ ನಿಂದು ಯಾವ್ದು ಅದ, ಆರಿಸ್ಕೋ. ನೀ ಮುಗೀತು ಅನ್ನದ ನಾ ಎಂದಾದ್ರೂ ಕಸಬರಿಗಿ ಇಟ್ಟೀನೇನು, ಎದಿ ಮುಟ್ಟಿ ಹೇಳು.”

ಭೀಮಣ್ಣ ತಲೆ ತಗ್ಗಿಸಿದ. ಅವಳು ಅಪ್ಪನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸಾವ್ಕಾರ್ರ, ಚೀಲಕ್ಕೊಂದು ಹಿಡಿ ನೀವೂ ತಗೀತೀರಿ. ಕೈಯಿಂದ ತಗದ್ರ ಸ್ಯಾಂಪಲ್ಲು, ಕಸಬರಿಗಿಯಿಂದ ತಗದ್ರ ಕಳವೇನು? ಆ ಡಬ್ಬ್ಯಾನ ನೆಲ್ಲು ಎಲ್ಲಿಗಿ ಹೋಗ್ತದ, ಅದನ್ನೂ ಹೇಳ್ರಿ.”

“ಮಿಲ್ಲಿಗೇ ಕೊಡ್ತೀವಿ” ಎಂದರು ಅಪ್ಪ.

“ಹೌದೇನು? ಹಂಗಾರ ಓದಿದಾಕಿ ಹೇಳ್ಲಿ” ಎಂದು ಹುಲಿಗೆಮ್ಮ ನನ್ನ ಕಡೆ ನೋಡಿದಳು. “ನೀ ಹೇಳ್ ಯವ್ವಾ. ನೀ ಹೇಳಿದ್ದು ನಾ ಒಪ್ತೀನಿ. ಎಲ್ಲಿಗಿ ಹೋಗ್ತದ?”

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ, ಗೋಡೆಯ ಕಡೆ ಮುಖ ಮಾಡಿದ್ದರು. ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಹೊರಗೆ ನನ್ನ ಸ್ಕೂಟಿ ನಿಂತಿತ್ತು. ಅವತ್ತು ಶನಿವಾರ.

“ನನಗ ಗೊತ್ತಿಲ್ಲ” ಎಂದೆ.

ಹುಲಿಗೆಮ್ಮ ನನ್ನಿಂದ ಮುಖ ತಿರುಗಿಸಿದಳು. ಭೀಮಣ್ಣನ ಮುಂದೆ ಹೋಗಿ, “ಯಪ್ಪಾ, ನಿಂದು ಮುಗೀತೇನು?” ಎಂದು ಕೇಳಿದಳು. ಅವನು ಅವಳನ್ನೂ ಅಪ್ಪನನ್ನೂ ಒಮ್ಮೊಮ್ಮೆ ನೋಡಿದ. ಅವನಿಗೆ ಯಾರನ್ನು ನಂಬಬೇಕೋ ತಿಳಿಯದಾಗಿತ್ತು. ಅವಳು ಸ್ವಲ್ಪ ಹೊತ್ತು ಕಾದಳು. “ಮುಗೀತು” ಎಂಬ ಮಾತು ಅವನಿಂದ ಬರಲಿಲ್ಲ. ಸುರಿದ ಕಾಳನ್ನು ಹಾಗೆಯೇ ಬಿಟ್ಟು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕಸಬರಿಗೆ ಹೆಗಲ ಮೇಲೆ ಹೊತ್ತು ಹೋದಳು.

ಮರುದಿನದಿಂದ ನಮ್ಮ ಅಂಗಡಿ ಮುಂದೆ ತಾಡಪತ್ರಿ ಹಾಸಿದರು. ಕಾಳು ನೆಲ ಮುಟ್ಟದಂತಾಯಿತು. ನೋಡನೋಡುತ್ತ ಅಕ್ಕಪಕ್ಕದ ಅಂಗಡಿಗಳೂ ಹಾಸಿದವು. ಗುಡಿಸುವ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕೂಲಿ ಹುಡುಕಿಕೊಂಡರು. ಅಪ್ಪನಿಗೂ ಒಳಗೊಳಗೆ ಚುಚ್ಚಿರಬೇಕು, “ಹುಲಿಗೆಮ್ಮಗ ಹೇಳು, ದಿನಗೂಲಿ ಕೊಡ್ತೀವಿ, ತಾಡಪತ್ರಿ ಝಾಡಿಸಿ ಕಾಳು ಕೂಡಿಸಿ ಕೊಡ್ಲಿ” ಎಂದು ನನ್ನನ್ನು ಅವಳ ತಂಗಿಯ ಮನೆಗೆ ಕಳಿಸಿದರು. ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ ಎಂದುಕೊಂಡು ಹೋದೆ. ಅವಳು ಊರಿಗೆ ಹೋಗಲು ಗಂಟು ಕಟ್ಟುತ್ತಿದ್ದಳು.

“ಕೂಲಿ ತಗೊಂಡ್ರ ಈ ಕಸಬರಿಗಿ ನಿಮ್ಮದಾಗ್ತದ” ಎಂದಳು ಗಂಟು ಬಿಗಿಯುತ್ತ. “ಅಪ್ಪಗ ಹೇಳು, ಬ್ಯಾಡಂದ್ಲು ಅಂತ.” ನನಗೆ ನೀರು ಕೊಟ್ಟಳು. ಕುಡಿದು ಬಂದೆ.

ಆಮೇಲೆ ನಾನು ಎಂ.ಎ. ಮಾಡಿ ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ವರ್ಷಕ್ಕೊಮ್ಮೆ ಆಸ್ತಿಯ ಪಾಠ ಬರುತ್ತದೆ. ಮಣ್ಣನ್ನು ನೆಲ್ಲು ಮಾಡಿದವಳ ಮಾತನ್ನು ಉದಾಹರಣೆ ಕೊಡುತ್ತೇನೆ, ವಿದ್ಯಾರ್ಥಿಗಳು ಮೆಚ್ಚಿ ಬರೆದುಕೊಳ್ಳುತ್ತಾರೆ. ಡಬ್ಬಿಯ ಕಥೆ ಹೇಳುವುದಿಲ್ಲ.

ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆ ದೇವದುರ್ಗಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಕೂದಲೆಲ್ಲ ಬೆಳ್ಳಗೆ. ಪಕ್ಕದಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಮೊರ. ಯಾರ ಮನೆಯಲ್ಲಿ ಕಾಳು ಹಸನು ಮಾಡುವುದಿದ್ದರೂ ಕರೆಯುತ್ತಾರಂತೆ, ಪಾಲು ಕೊಡುವವರ ಮನೆಗೆ ಮಾತ್ರ ಹೋಗುತ್ತಾಳಂತೆ. ನನ್ನನ್ನು ಗುರುತು ಹಿಡಿದು ಸರಿದು ಜಾಗ ಕೊಟ್ಟಳು. ಮೊಣಕಾಲು ನೋವು, ಅಪ್ಪನ ಸಕ್ಕರೆ ಕಾಯಿಲೆ, ನನ್ನ ಕಾಲೇಜು ಎಲ್ಲ ಮಾತಾದವು.

“ಆ ಡಬ್ಬಿ ಇನ್ನಾ ಅದೇನು ಯವ್ವಾ?” ಎಂದು ಕೇಳಿದಳು.

“ಅದ.”

“ತುಂಬತದ?”

“ತುಂಬತದ.”

ಅವಳು ತಲೆ ಆಡಿಸಿದಳು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಕಡೆಗೂ ಹೇಳಿದೆ. “ಹುಲಿಗೆಮ್ಮಾ, ಆವತ್ತು ನನಗ ಗೊತ್ತಿತ್ತು.”

ಅವಳ ಬಸ್ಸು ಬಂದಿತ್ತು. ಮೊಣಕಾಲಿಗೆ ಕೈ ಊರಿ ಎದ್ದು, ಮೊರವನ್ನು ಕಂಕುಳಿಗೆ ಸೇರಿಸಿದಳು.

“ನಿನಗ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು” ಎಂದಳು. “ಅದಕ್ಕ ನಿನ್ನ ಕೇಳಿದ್ನಿ.”

ಹತ್ತಿಸಲು ಕೈ ಚಾಚಿದೆ. ಅವಳು ಬಾಗಿಲ ಕಂಬಿ ಹಿಡಿದು ತಾನೇ ಹತ್ತಿದಳು.