ಇಶಾಡದ ಹಣ್ಣಿಗೆ ಬಂದ ರೋಗ

ಟೆಂಪೊ ಪಂಕ್ಚರ್ ಆಗಬಹುದಿತ್ತು. ಬಿಣಗಾ ಘಟ್ಟದಲ್ಲಿ ಟ್ಯಾಂಕರ್ ಮಗುಚಿ, ಹಣ್ಣು ಬಿಸಿಲಲ್ಲಿ ನಿಂತಲ್ಲೇ ಬೆಂದು ಹೋಗಬಹುದಿತ್ತು. ಮಳೆ ವಾರ ಮುಂಚೆಯೇ ಬಂದು ಬುಟ್ಟಿಯ ಹುಲ್ಲಿಗೆ ಬೂಷ್ಟು ಹಿಡಿಯಬಹುದಿತ್ತು. ಅಂಗಡಿಯ ಹಿಂದಿನ ಕೋಣೆಗೆ ಹೆಗ್ಗಣ ನುಗ್ಗಬಹುದಿತ್ತು. ಗೋವೆಯ ಮಾನ್ಕುರಾದ್ ಮಾವು ತಿಂದು ಬೆಳೆದ ಕಾರವಾರದವರು ಹಣ್ಣಾದರೂ ಹಸಿರಾಗಿಯೇ ಇರುವ ಅಂಕೋಲೆಯ ಕರಿ ಇಶಾಡ ಮಾವನ್ನು ನೋಡಿ, "ಇದೆಂತಾ, ಇನ್ನೂ ಹಸಿರೇ ಉಂಟಲ್ಲ" ಎಂದು ಮುಂದೆ ನಡೆಯಬಹುದಿತ್ತು. ಅದೇ ವಾರ ನನಗೆ ಜ್ವರ ಬಂದು ಮಲಗಬಹುದಿತ್ತು. ಈ ಕೊನೆಯದನ್ನು ಹೇಳಿದಾಗ ಹೆಂಡತಿ, "ಅದೊಂದು ಬಂದ್ರೆ ಉಳಿದವ್ರಿಗೆ ಆರಾಮು" ಅಂದಳು.

ಕಾರವಾರದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಅಂಕೋಲೆ ಕಡೆಯ ಕೆಂಪಕ್ಕಿ, ಜೋನಿ ಬೆಲ್ಲ, ಒಣಗಿಸಿದ ಮುರುಗಲ ಸಿಪ್ಪೆ, ಗಾಣದ ಎಣ್ಣೆ ಮಾರುತ್ತೇವೆ. ಎಲ್ಲವೂ ತಿಂಗಳುಗಟ್ಟಲೆ ಕೆಡದ ಸಾಮಾನು. ಕೆಡುವಂಥದ್ದನ್ನು ಮಾರುವಷ್ಟು ಎದೆ ನನಗಿಲ್ಲ. ಆದರೆ ನಮಗೆ ಮುರುಗಲ ಸಿಪ್ಪೆ ಕೊಡುವ ಅಗಸೂರಿನ ಅಕ್ಕನ ಹಿತ್ತಲಲ್ಲಿ ಒಂದು ಹಳೆಯ ಇಶಾಡದ ಮರವಿದೆ. ಪ್ರತಿ ವರ್ಷ ಹೂ ಬಿಟ್ಟಾಗಲೇ ವ್ಯಾಪಾರಿಯೊಬ್ಬ ಇಡೀ ಮರವನ್ನು ಗುತ್ತಿಗೆ ಹಿಡಿದು, ಸರಿಯಾಗಿ ಬಲಿಯುವ ಮೊದಲೇ ಕೊಯ್ದು ಒಯ್ಯುತ್ತಿದ್ದ. ಈ ಸಲ ಅದನ್ನು ನೋಡಲಾರದೆ ನಾನೇ ಬಾಯಿ ಹಾಕಿದೆ: "ಅಕ್ಕಾ, ನಮ್ಮ ಅಂಗಡಿಗೇ ಕೊಡಿ. ಬಲಿತ ಮೇಲೇ ಕೊಯ್ಯುವಾ."

ಅಕ್ಕ ವ್ಯಾಪಾರಿಯನ್ನು ವಾಪಸು ಕಳಿಸಿಬಿಟ್ಟರು. ಮಳೆಗಾಲಕ್ಕೆ ಮೊದಲು ಅವರ ಮನೆಯ ಹಂಚು ಬದಲಾಗುವುದು ಆ ಒಂದು ಮರದ ಮೇಲೆ ನಿಂತಿತ್ತು. "ನಿನ್ನ ಮಾತ್ನ ಮೇಲೆ ಬಿಟ್ಟಿದ್ದೆ ನೋಡು, ತಮಾ" ಅಂದರು. ನನ್ನಂಥವನಿಗೆ ಹೇಳಬಾರದ ಮಾತು ಅದು.

ಮೊದಲ ಕೊಯ್ಲಿನ ಟೆಂಪೊ ಹೇಳಿದ ಹೊತ್ತಿಗೆ ಬಂತು. ಮಳೆ ಬರಲಿಲ್ಲ, ಹೆಗ್ಗಣವೂ ಬರಲಿಲ್ಲ. ಬುಟ್ಟಿಗಳ ಜೊತೆಗೇ ಬಂದಿದ್ದ ಅಕ್ಕ ಹಿಂದಿನ ಕೋಣೆಯಲ್ಲಿ ಭತ್ತದ ಹುಲ್ಲು ಹಾಸಿ, ಕಾಯಿಗಳನ್ನು ಮೂರು ಸಾಲಾಗಿ ಒಂದರ ಮೇಲೊಂದು ಜೋಡಿಸಿ, ಮೇಲೆ ಮತ್ತೆ ಹುಲ್ಲು ಮುಚ್ಚಿದರು. "ಬಾಗ್ಲು ಹಾಕು. ನಾಕು ದಿವ್ಸ ನೋಡೂಕೆ ಹೋಗ್ಬೇಡ. ಪರಿಮಳ ಅಂಗಡಿಗೆ ಬಂದ ಮೇಲೆ ತೆಗಿ."

ನಾಲ್ಕು ದಿನ ನೋಡದೆ ಇರುವುದು ಹೇಗೆ? ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಒಮ್ಮೆ, ಚಾ ಕುಡಿದು ಒಮ್ಮೆ, ಊಟಕ್ಕೆ ಹೋಗುವ ಮುಂಚೆ, ಉಂಡು ಬಂದ ಮೇಲೆ. ಮೆಲ್ಲಗೆ ಹುಲ್ಲು ಸರಿಸಿ, ಕೆಳಗಿನವನ್ನು ಅಲುಗಿಸದೆ, ಮೇಲಿನ ಸಾಲು ಮೆತ್ತಗಾಯಿತೇ ಎಂದು ನೋಡಿ ಬರುತ್ತಿದ್ದೆ. ಅಷ್ಟೇ. ಹೆಂಡತಿ ಇದನ್ನು ಕಂಡೂ ಕಾಣದಂತೆ ಅಕ್ಕಿ ಅಳೆಯುತ್ತಿದ್ದಳು.

ಐದನೆಯ ದಿನ ಭಾನುವಾರ, ಸಂತೆ. ಪರಿಮಳ ರಸ್ತೆಯವರೆಗೂ ಬಂದಿತ್ತು. ಹುಲ್ಲು ತೆಗೆದರೆ ಮೇಲಿನ ಸಾಲಿನ ಪ್ರತಿ ಹಣ್ಣಿನ ಮೇಲೂ ತೊಟ್ಟಿನ ಹತ್ತಿರ ಒಂದು ಕಪ್ಪು ಕಲೆ! ಮೊಬೈಲಿನಲ್ಲಿ ಹುಡುಕಿದೆ; ಹೋಲುವ ರೋಗಗಳು ಮೂರು ಸಿಕ್ಕವು. ಕೂಡಲೇ ಅಗಸೂರಿಗೆ ಫೋನ್ ಮಾಡಿದೆ.

"ಅಕ್ಕಾ, ಹಣ್ಣಿಗೆ ರೋಗ ಬಿದ್ದಿದೆ."

"ಮರಕ್ಕೇ ಬಂತನಾ?" ಅಂದರು ಅಕ್ಕ.

ಅವರು ಸಿಕ್ಕ ಬಸ್ಸು ಹತ್ತಿ ಬರುವಷ್ಟರಲ್ಲಿ ಹೆಂಡತಿ ಕೆಳಗಿನ ಎರಡು ಸಾಲು ತೆಗೆದು ಮಾರಾಟಕ್ಕಿಟ್ಟಿದ್ದಳು. ಅವುಗಳಲ್ಲಿ ಒಂದಕ್ಕೂ ಕಲೆಯಿಲ್ಲ. "ಮಾನ್ಕುರಾದ್ ಇಲ್ವಾ?" ಎಂದು ಬಂದ ಹೆಂಗಸೊಬ್ಬರು ಒಂದು ಹೋಳು ತಿಂದು ನೋಡಿ ಎರಡು ಡಜನ್ ಒಯ್ದರು, ಮಧ್ಯಾಹ್ನದೊಳಗೆ ತಂಗಿಯನ್ನೂ ಕರೆದುಕೊಂಡು ಬಂದರು. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಹಂಚಿಲ್ಲದ ಮಾಡು, ಕಡಿದು ಹಾಕಿದ ಮರ, ಮೀಸೆಯಡಿ ನಗುವ ವ್ಯಾಪಾರಿ, ಎಲ್ಲ ಕಣ್ಣ ಮುಂದೆ ಬರುತ್ತಿದ್ದವು.

ಅಕ್ಕ ಬಂದರು. ಕೈಚೀಲದಲ್ಲಿ ಮರದಿಂದ ಮುರಿದು ತಂದ ಎಲೆಗಳ ಟೊಂಗೆ. ನೀರನ್ನೂ ಕುಡಿಯದೆ ನೆಲಕ್ಕೆ ಕುಂತು ಕಲೆಯ ಹಣ್ಣುಗಳನ್ನು ಒಂದೊಂದಾಗಿ ತಿರುಗಿಸಿದರು, ಮೂಸಿದರು.

"ಕೆಳಗಿನವಕ್ಕೆ ಇಲ್ಯಾ?"

"ಒಂದಕ್ಕೂ ಇಲ್ಲ ಅಕ್ಕಾ" ಎಂದಳು ಹೆಂಡತಿ.

"ಮೇಲಿನ ಸಾಲಿಗೆ ಮಾತ್ರ ಬರೂ ರೋಗ ಯಾವ್ದು ತಂಗೀ?"

ಹೆಂಡತಿ ನನ್ನ ಕಡೆ ನೋಡಿದಳು.

"ಕೈ ಕೊಡು ಇಲ್ಲಿ" ಎಂದು ಅಕ್ಕ ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಕಲೆಯ ಮೇಲಿಟ್ಟರು. ಕಲೆ ಪೂರ್ತಿ ಮುಚ್ಚಿತು. ಇನ್ನೊಂದು ಹಣ್ಣಿನ ಮೇಲಿಟ್ಟರು. ಅದೂ ಮುಚ್ಚಿತು. ಮೂರನೆಯದಕ್ಕೆ ಬರುವ ಹೊತ್ತಿಗೆ ನಗುವಿಗೆ ಅವರ ಹೊಟ್ಟೆ ಕುಲುಕುತ್ತಿತ್ತು.

"ಇಶಾಡದ ಸಿಪ್ಪೆ ಈರುಳ್ಳಿ ಸಿಪ್ಪೆ ಹಂಗೆ, ತೆಳು. ಮೂಸ್ಬೇಕು ತಮಾ, ಒತ್ತೂದಲ್ಲ! ಮರ ಆರಾಮದೆ. ಮದ್ದು ಬೇಕಾದದ್ದು ನಿಂಗೆ." ಟೊಂಗೆಯನ್ನು ನನ್ನ ಮಡಿಲಿಗೆ ಎಸೆದು, ಈಗ ನೀರು ಕೇಳಿದರು. ಕುಡಿದು ಹೆಂಡತಿಯ ಕಡೆ ತಿರುಗಿದರು: "ಮುಂದಿನ ವರ್ಷನೂ ನಿಮ್ಗೇ ಕೊಡ್ತೆ. ಆದ್ರೆ ಕೋಣೆ ಚಾವಿ ನಿನ್ನ ಹತ್ರ ಇರ್ಲಿ, ತಂಗೀ."

ಕಲೆಯ ಹಣ್ಣನ್ನು ಮಾರಲಿಲ್ಲ. ನಾವೇ ಕೊಂಡು, ಕಲೆ ಕೆತ್ತಿ ತೆಗೆದು ಒಂದು ವಾರ ತಿಂದೆವು. ಒಟ್ಟು ಇಪ್ಪತ್ತಮೂರು. ಒಂದನ್ನೂ ಒತ್ತದೆ ಬಿಟ್ಟಿರಲಿಲ್ಲ ನಾನು.