ನಾವು ತಿಂದುಬಿಟ್ಟ ಬಂಗಲಿ ಹೂವು

ನನ್ನ ನೆಗೆಣ್ಣಿ ನೀಲಕ್ಕನ ಕೈಗುಣವನ್ನು ಕದ್ದವಳು ನಾನು. ಬಂಗಾರ ಕದ್ದಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದೆ, ಬೈಸಿಕೊಂಡು ಮುಗಿಸುತ್ತಿದ್ದೆ. ಕೈಗುಣ ಕದ್ದರೆ ಯಾರಿಗೂ ಗೊತ್ತಾಗುವುದಿಲ್ಲ — ಕಳಕೊಂಡವಳಿಗೂ. ಅವಳು ತನ್ನ ಕೈಯನ್ನೇ ದೂರುತ್ತ ಕೂಡುತ್ತಾಳೆ. ಅವಳು ಹಾಗೆ ಕೂತದ್ದನ್ನು ನಾನು ವರ್ಷಗಟ್ಟಲೆ ಅದೇ ಅಡುಗೆಮನೆಯಲ್ಲಿ ನೋಡಿದೆ, ನೋಡುತ್ತಲೇ ರೊಟ್ಟಿ ಬಡಿದೆ.

ಇದನ್ನು ಒಮ್ಮೆ ನಾಲ್ಕು ಜನರ ಮುಂದೆ ಹೇಳಿದ್ದೇನೆ, ನಿಜ. ಆದರೆ ಅಂದು ಹೇಳಿದ್ದು ಅರ್ಧ. ಉಳಿದರ್ಧ ಇಷ್ಟು ದಿನ ಗಂಟಲಲ್ಲೇ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ಬೈಲಹೊಂಗಲದಲ್ಲಿ ಬೆಳೆದ ನನ್ನನ್ನು ಯರಗಟ್ಟಿಯಿಂದ ಒಳಗಿರುವ ಒಂದು ಊರಿಗೆ ಕೊಟ್ಟರು. ಮನೆಯಲ್ಲಿ ಅತ್ತೆ, ಅಣ್ಣತಮ್ಮಂದಿರಿಬ್ಬರು, ಹಿರಿಯ ಸೊಸೆ ನೀಲಕ್ಕ, ಕಿರಿಯವಳು ನಾನು. ನೀಲಕ್ಕನ ತವರು ರಾಮದುರ್ಗದ ಕಡೆಯ ಸಾಲಹಳ್ಳಿ. ಅವಳ ತಾಯಿ ಹರೆಯದಲ್ಲಿ ಯಾವುದೋ ಸಾಹೇಬರ ಬಂಗಲೆಯ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದಳಂತೆ. ಅಲ್ಲಿಂದ ಸೆರಗಿನ ತುದಿಗೆ ಕಟ್ಟಿ ತಂದ ಒಂದು ಹೂವಿನ ಬೀಜ ಮಗಳ ಕೂಡ ನಮ್ಮ ಹಿತ್ತಲಿಗೂ ಬಂದಿತ್ತು. ಅದರ ನಿಜವಾದ ಹೆಸರು ನಮಗಾರಿಗೂ ತಿಳಿಯದು. ಬಂಗಲೆಯಿಂದ ಬಂದದ್ದಲ್ಲವೇ, ಬಂಗಲಿ ಹೂ ಎನ್ನುತ್ತಿದ್ದೆವು.

ಚಳಿಗಾಲದಲ್ಲಿ ಅದು ಅರಳಿದರೆ ಓಣಿಯ ಹೆಂಗಸರು ನೀರಿಗೆ ಹೋಗುವಾಗ ಕೊಡ ಇಳಿಸಿ ನಿಲ್ಲುತ್ತಿದ್ದರು. ಕೆಂಪು, ತಿಳಿಗೆಂಪು, ತೀರ ತೆಳು ಎಸಳು. ಗಾಳಿಗೆ ಎರಡು ದಿನದಲ್ಲಿ ಉದುರಿಹೋಗುತ್ತಿತ್ತು. ಆದರೆ ಚಂದ ಶುರುವಾಗುವುದೇ ಆಮೇಲೆ. ಎಸಳು ಉದುರಿದ ಮೇಲೆ ಉಳಿಯುವ ಕಾಯಿ ಒಣಗಿ ಪುಟಾಣಿ ಕೊಡದ ಹಾಗೆ ಆಗುತ್ತಿತ್ತು — ಮೇಲೊಂದು ಗೆರೆಗೆರೆ ಮುಚ್ಚಳ, ಮುಚ್ಚಳದ ಕೆಳಗೆ ಸುತ್ತಲೂ ಸಣ್ಣ ತೂತು, ಅಲ್ಲಾಡಿಸಿದರೆ ಒಳಗೆ ಬೀಜ ಸರಸರ ಅನ್ನುತ್ತಿತ್ತು. ಅವು ಉದುರುವ ಮೊದಲೇ ನೀಲಕ್ಕ ದಂಟುಸಹಿತ ಕೊಯ್ದು, ಬಿಳಿ ಬಟ್ಟೆಯ ಮೇಲೆ ಕೊಡವಿ ಬೀಜ ತೆಗೆದು, ಖಾಲಿ ಕೊಡಗಳನ್ನು ಸೂಡು ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದಳು. ಆಷಾಢದ ಮಂಗಳವಾರ ಬಂತೆಂದರೆ ಓಣಿಯ ಹುಡುಗಿಯರೆಲ್ಲ ನಮ್ಮ ಬಾಗಿಲಿಗೆ. ಮಣ್ಣಿನಲ್ಲಿ ಗುಳ್ಳವ್ವ ದೇವಿಯ ಗೊಂಬೆ ಮಾಡಿ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗರಿಸುತ್ತಾರಲ್ಲ, ಅವಳ ತಲೆಯ ಮೇಲೆ ಇಡಲು ಒಂದೊಂದು ಕೊಡ ಬೇಕು. ಬೇರೆ ಊರಿನ ಗುಳ್ಳವ್ವ ಬರಿದಲೆ, ನಮ್ಮ ಊರಿನವಳು ನೀರು ಹೊತ್ತವಳು ಎಂದು ಹುಡುಗಿಯರಿಗೆ ಭಾರೀ ಹಮ್ಮು.

ಹೀಗಾಗಿ ನೀಲಕ್ಕ ಊರಿಗೆಲ್ಲ ಕೈಗುಣದಾಕೆ. ಅವಳು ಮುಟ್ಟಿದ್ದು ಚಿಗುರುತ್ತದೆ ಎಂದು ಹೆಸರು. ದಸರೆಯಲ್ಲಿ ದೇವರ ಮುಂದೆ ಘಟ್ಟ ಹಾಕುವಾಗ, ಅಂದರೆ ಕೊಡದ ಸುತ್ತ ಮಣ್ಣು ಹರವಿ ಕಾಳು ಬಿತ್ತುವಾಗ, ಅತ್ತೆ ಅವಳನ್ನೇ ಕೂಡಿಸುತ್ತಿದ್ದಳು. ಸುತ್ತಲಿನ ಮನೆಗಳಿಂದಲೂ ಕರೆ ಬರುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಡುವ ಠೀವಿ ನೋಡಿದರೆ — ಸುಳ್ಳೇಕೆ ಹೇಳಲಿ — ಆ ಕರೆ ನನಗೇಕೆ ಬರಬಾರದು ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ನನ್ನ ಮದುವೆಯಾಗಿ ಎರಡನೇ ದೀಪಾವಳಿ. ಆ ಬೇಸಿಗೆಯಲ್ಲಷ್ಟೇ ನೀಲಕ್ಕನ ತಾಯಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಮೊದಲ ಹಬ್ಬವೆಂದು ಅವಳು ಸಾಲಹಳ್ಳಿಗೆ ಹೋಗಿದ್ದಳು. ಅಡುಗೆಮನೆ ನನ್ನ ಪಾಲಿಗೆ. ಎಣ್ಣೆಯಲ್ಲಿ ಕರಿಯುವ ಸಿಹಿ ಅನಾರಸದ ಮೇಲೆ ಒತ್ತಲು ಗಸಗಸೆ ತರಿಸೆಂದು ಅತ್ತೆ ವಾರದ ಮೊದಲೇ ಹೇಳಿದ್ದಳು. ನಾನು ಹೊಸ ಸೀರೆಯ ಗುಂಗಿನಲ್ಲಿ ಮರೆತಿದ್ದೆ. ಅಕ್ಕಿಹಿಟ್ಟು ಬೆಲ್ಲದಲ್ಲಿ ಹದವಾಗಿ ಕೂತಿದೆ, ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಹೊರಗಿನಿಂದ ಅತ್ತೆಯ ದನಿ.

"ಕಮಲಾ, ಗಸಗಸಿ ತರಿಸೀಯಿಲ್ಲೋ?"

"ಹ್ಞೂಂ ರೀ ಅತ್ತಿ, ತರಿಸೇನ್ರಿ."

ಬಾಯಿಂದ ಬಂದುಬಿಟ್ಟಿತು. ಒಮ್ಮೆ ಬಂದ ಮೇಲೆ ಗಸಗಸೆಯೂ ಎಲ್ಲಿಂದಾದರೂ ಬರಬೇಕಲ್ಲ! ನೀಲಕ್ಕನ ಕೋಣೆಯ ಗೋಡೆಯ ಮಾಡದಲ್ಲಿ ಒಂದು ಸಣ್ಣ ಹಿತ್ತಾಳೆ ಡಬ್ಬಿ ಇರುತ್ತಿತ್ತು. ಹುಳು ಹತ್ತದಿರಲೆಂದು ಬೂದಿ ಕಲಸಿಟ್ಟ ಬಂಗಲಿ ಹೂವಿನ ಬೀಜ. ನೋಡಲಿಕ್ಕೆ ಗಸಗಸೆಯೇ, ಅದರ ಕುಲದ್ದೇ ಇರಬೇಕು. ತೆಗೆದೆ. ಜರಡಿ ಹಿಡಿದೆ, ತೊಳೆದೆ, ಅನಾರಸದ ಮೇಲೆ ಒತ್ತಿದೆ. ಕಣ್ಣುತಪ್ಪಿ ಆದದ್ದಲ್ಲ. ಅದು ಯಾವ ಬೀಜ, ಯಾರ ತಾಯಿಯದು, ದೀಪಾವಳಿ ಪಾಡ್ಯ ಮುಗಿದ ಮೇಲೆ ಬಿತ್ತಲೆಂದು ಇಟ್ಟದ್ದು — ಎಲ್ಲ ಗೊತ್ತಿತ್ತು. ಹಬ್ಬ ಮುಗಿದ ಮೇಲೆ ಅಂಗಡಿಯ ಗಸಗಸೆ ತರಿಸಿ ಡಬ್ಬಿಗೆ ತುಂಬಿದರಾಯಿತು, ಬೀಜ ಬೀಜವೇ ತಾನೆ, ಎಂದುಕೊಂಡೆ. ಮೊದಲು ಒಂದು ಚಿಟಿಕೆ ಎಂದೇ ತೆಗೆದದ್ದು. ಅನಾರಸ ಹೆಚ್ಚುತ್ತ ಹೋದವು. ಡಬ್ಬಿಯ ತಳ ಕಂಡಿತು.

ಪಾಡ್ಯದ ಸಂಜೆ ನೀಲಕ್ಕ ಬಂದಳು. ಅತ್ತು ಅತ್ತು ಮುಖ ಬಾತಿತ್ತು. ತನ್ನ ತಮ್ಮ, ಅವ್ವನ ಹೂವಿನ ಪಾತಿಯ ಮೇಲೆ ಎಮ್ಮೆಯ ಕೊಟ್ಟಿಗೆ ಕಟ್ಟಿಸಿದ್ದಾನೆ, ಅಲ್ಲಿ ಇನ್ನೇನೂ ಉಳಿದಿಲ್ಲ ಎಂದಳು. ನಾನು ತಟ್ಟೆಯಲ್ಲಿ ಅನಾರಸ ಕೊಟ್ಟೆ. ಅವಳು ಒಂದು ಮುರಿದು ಬಾಯಿಗಿಟ್ಟು, ಆ ಅಳುಮುಖದಲ್ಲೇ ಸ್ವಲ್ಪ ನಕ್ಕಳು.

"ಯವ್ವಾ, ಗಸಗಸಿ ಎಷ್ಟ್ ಘಮ್ ಅನ್ನಾಕತ್ತೇತಿ! ಎಲ್ಲೀದ ಇದು?"

"ಯರಗಟ್ಟಿ ಅಂಗಡೀದು ರೀ, ಅಕ್ಕ."

ಆಗಲೇ ಹೇಳಬಹುದಿತ್ತು. ಕಾಲು ಹಿಡಿದು ಹೇಳಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ನಾನು ಇನ್ನೊಂದು ಅನಾರಸ ಹಾಕಿದೆ.

ಮರುದಿನ ಯಜಮಾನರ ಕೈಯಲ್ಲಿ ಗಸಗಸೆ ತರಿಸಿ, ಒಲೆಯ ಬೂದಿ ಕಲಸಿ, ಬಣ್ಣ ಸರಿಹೋಯಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿ ಡಬ್ಬಿ ತುಂಬಿದೆ. ನೀಲಕ್ಕ ಅದನ್ನೇ ಬಿತ್ತಿದಳು. ಅಂಗಡಿಯ ಸರಕು ಎಷ್ಟು ಹಳೆಯದೋ, ಎಲ್ಲೆಲ್ಲಿ ಬಿಸಿಲಿಗೆ ಕಾದದ್ದೋ — ಒಂದೂ ಮೊಳೆಯಲಿಲ್ಲ. ಅವಳು ದಿನಾ ಬೆಳಿಗ್ಗೆ ಪಾತಿಯ ಹತ್ತಿರ ಕೂತು ಬೆರಳಿನಿಂದ ಮಣ್ಣು ಸರಿಸಿ ನೋಡುತ್ತಿದ್ದಳು. ನಾನು ಪಾತ್ರೆ ತಿಕ್ಕುವ ನೆವದಲ್ಲಿ ಅವಳ ಬೆನ್ನು ನೋಡುತ್ತಿದ್ದೆ. ಒಂದು ದಿನ ಎದ್ದು ಕೈ ಕೊಡವಿಕೊಂಡಳು.

"ಅವ್ವ ಹೋಗೂ ಮುಂದ ನನ್ನ ಕೈಗುಣಾನೂ ತನ್ನ ಕೂಡ ಒಯ್ದಾಳ, ಕಾಣಸ್ತೇತಿ."

ಆ ಆಷಾಢದಲ್ಲಿ ಓಣಿಯ ಗುಳ್ಳವ್ವಂದಿರೆಲ್ಲ ಬರಿದಲೆ. ನೀಲಕ್ಕನ ಕೈಗುಣ ಹೋಯಿತೆಂಬ ಮಾತು ಊರಿಗೆ ಗೊತ್ತಾಯಿತು. ದಸರೆ ಬಂದಾಗ ಘಟ್ಟದ ಮುಂದೆ ನೀಲಕ್ಕ ಕೂಡುವ ಮೊದಲೇ ಅತ್ತೆ ಕೆಮ್ಮಿ, "ಈ ಸಲ ಸಣ್ಣಾಕಿ ಹಾಕಲಿ ತಡಿ ನೀಲಾ" ಎಂದಳು. ನೀಲಕ್ಕ ಸರಿದು ಕೂತಳು. ಕಾಳಿನ ಬಟ್ಟಲು ನನ್ನ ಕೈಗೆ ಬಂತು.

ನನ್ನ ದೊಡ್ಡ ತಪ್ಪು ಯಾವುದು ಗೊತ್ತೇ? ಬೀಜ ತೆಗೆದದ್ದಲ್ಲ. ಆ ಬಟ್ಟಲು ಹಿಡಿದದ್ದು. ಗೋದಿ ಯಾರ ಕೈಯಲ್ಲಾದರೂ ಮೊಳೆಯುತ್ತದೆ, ನನ್ನ ಕೈಯಲ್ಲೂ ಮೊಳೆಯಿತು. "ಕಮಲಾನ ಕೈ ಚೊಲೋ ಐತಿ ಬಿಡವಾ" ಎಂದು ಹೆಂಗಸರು ಅಂದರು. ಮುಂದಿನ ವರ್ಷದಿಂದ ಅವರಿವರ ಮನೆಯ ಕರೆ ನನಗೆ ಬರತೊಡಗಿತು. ಸೆರಗು ಸಿಕ್ಕಿಸಿಕೊಂಡು ಠೀವಿಯಿಂದ ಹೋದೆ. ಹೋಗುವಾಗ ಖುಷಿಯಾಗುತ್ತಿತ್ತು — ಇದನ್ನೂ ಬರೆಯಲೇಬೇಕು — ಬಹಳ ಖುಷಿಯಾಗುತ್ತಿತ್ತು. ನೀಲಕ್ಕ ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟಳು. ಪಾತಿಯ ಮೇಲೆ ಒಲೆಗೆಂದು ಸಗಣಿಯ ಕುಳ್ಳು ಒಟ್ಟಿದೆವು.

ವರ್ಷಗಳು ಹೋದವು. ನನ್ನ ಮಗಳು ಸುಜಾತಾ ಗುಳ್ಳವ್ವ ಆಡುವಷ್ಟು ದೊಡ್ಡವಳಾದಳು. ಆಷಾಢದ ಒಂದು ಮಂಗಳವಾರ ಓಣಿಯ ದೊಡ್ಡ ಹುಡುಗಿಯೊಬ್ಬಳು ತನ್ನ ಆಟಿಕೆಯ ಡಬ್ಬಿಯಲ್ಲಿ ಉಳಿದಿದ್ದ ಬಂಗಲಿ ಹೂವಿನ ಒಂದು ಹಳೆಯ ಕೊಡವನ್ನು ಅವಳಿಗೆ ಕೊಟ್ಟಳು. ಮಗು ಕುಣಿಯುತ್ತ ಬಂದು, "ದೊಡ್ಡವ್ವಾ, ಗುಳ್ಳವ್ವನ ತಲಿ ಮ್ಯಾಲ ನೀನ ಇಡು" ಎಂದಿತು. ನೀಲಕ್ಕ ಆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಮೊದಲೇ ಕೊಡವಿ ಕೊಟ್ಟದ್ದಲ್ಲವೇ. ತಿರುಗಿ ಮಗುವಿನ ಅಂಗೈಯಲ್ಲಿಟ್ಟಳು.

"ನನ್ನ ಕೈಲೆ ಬ್ಯಾಡ ನನ ಕೂಸಾ. ನಿಮ್ಮವ್ವನ ಕೈಲೆ ಇಡಸ್ಕೋ. ಆಕಿ ಕೈ ಚೊಲೋ ಐತಿ."

ಅವಳ ಮಾತಿನಲ್ಲಿ ಒಂದಿಷ್ಟಾದರೂ ಕೊಂಕು ಇದ್ದಿದ್ದರೆ ನಾನು ತಡಕೊಳ್ಳುತ್ತಿದ್ದೆ. ಇರಲಿಲ್ಲ. ನಿಜವೆಂದು ನಂಬಿ ಹೇಳಿದಳು. ಮಗುವನ್ನು ಹೊರಗೆ ಕಳಿಸಿ, ಅಲ್ಲೇ ಪಡಸಾಲೆಯಲ್ಲಿ ಅವಳ ಮುಂದೆ ಕೂತು ಎಲ್ಲ ಹೇಳಿದೆ. ಗಸಗಸೆ ಮರೆತದ್ದು, ಡಬ್ಬಿ, ಅನಾರಸ, ಬೂದಿ, ಬೆಳಕಿಗೆ ಹಿಡಿದು ನೋಡಿದ್ದು. ಗೊತ್ತಿದ್ದೇ ಮಾಡಿದೆ ಎಂದೂ ಹೇಳಿದೆ. ನೀಲಕ್ಕ ತನ್ನ ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡಳು.

"ಹಂಗಾರ ನನ್ನ ಕೈಗೆ ಏನೂ ಆಗಿಲ್ಲನ್ನು?"

"ಏನೂ ಆಗಿಲ್ಲ ರೀ ಅಕ್ಕ."

"ಇಷ್ಟ್ ವರ್ಷ ನಾ ಒಂದು ತುಳಸಿ ಸಸಿ ಮುಟ್ಟಿಲ್ಲಲ್ಲ ಕಮಲಾ! ತುಳಸಿ! ನಾ ಮುಟ್ಟಿದ್ರ ಒಣಗೀತು ಅಂತ…" ಚಾಚಿದ ಅಂಗೈ ಮಡಚಿಕೊಂಡಳು. "ಎದ್ ಹೋಗು ಮುಂದಿಂದ."

ಎದ್ದುಹೋದೆ. ಎಷ್ಟೋ ದಿನ ನನ್ನೊಂದಿಗೆ ಮಾತಿಲ್ಲ. ಅತ್ತೆಗೆ ಹೇಳಿ ನನ್ನನ್ನು ತವರಿಗೆ ಅಟ್ಟಿಸುತ್ತಾಳೆಂದು ಹೆದರಿದ್ದೆ. ಆದರೂ ಏನೆಂದು ಹೇಳಲಿ, ಅಂದಿನಿಂದ ನನಗೆ ಅನ್ನ ರುಚಿಸತೊಡಗಿತು. ಅವಳು ಸಿಟ್ಟಾಗಿದ್ದಳಲ್ಲ, ತನ್ನ ಮೇಲಲ್ಲ, ನನ್ನ ಮೇಲೆ! ಆ ಸಿಟ್ಟು ಕೊನೆಗೂ ಸರಿಯಾದ ವಿಳಾಸಕ್ಕೆ ಬಂದಿತ್ತು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನೀಲಕ್ಕ ಬಂದು ಒಡೆದ ಗಡಿಗೆಯ ಬುಡವೊಂದನ್ನು ನನ್ನ ಪಕ್ಕ ಕುಕ್ಕಿದಳು. ಅದರ ತುಂಬ ಮಣ್ಣು, ಮಣ್ಣಿನ ತುಂಬ ಹಸಿರು ಮೆಂತ್ಯದ ಮೊಳಕೆ. ಯಾರಿಗೂ ಹೇಳದೆ ಕುಳ್ಳಿನ ರಾಶಿಯ ಹಿಂದೆ ಬಿತ್ತಿ ತನ್ನ ಕೈಯನ್ನು ಪರೀಕ್ಷೆ ಮಾಡಿಕೊಂಡಿದ್ದಳು.

"ನೋಡು" ಎಂದಳು. ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಇಬ್ಬರೂ ಅತ್ತೆವು, ರೊಟ್ಟಿ ಸೀದುಹೋಯಿತು.

ಆ ದಸರೆಯಲ್ಲಿ ಓಣಿಯ ಹೆಂಗಸರು ಸೇರಿದ್ದರು. ಅತ್ತೆ ಕಾಳಿನ ಬಟ್ಟಲನ್ನು ನನ್ನ ಕಡೆ ಚಾಚಿದಳು. ನಾನು ಹಿಡಿಯಲಿಲ್ಲ. "ಅಕ್ಕನ ಕೈ ಚೊಲೋನ ಐತ್ರಿ ಅತ್ತಿ. ಆ ವರ್ಷ ಬೀಜಾ ಅನಾರಸಕ್ಕ ಹಾಕಿದಾಕಿ ನಾನ ರೀ" ಎಂದೆ.

"ಅಯ್ಯ ನನ ಶಿವನ! ಬೀಗತಿ ಬಿಟ್ಟ ಹೋದ ಬೀಜಾ ನಾ ಅನಾರಸದಾಗ ತಿಂದ್ನೇನ?" ಅತ್ತೆ ಎದೆಯ ಮೇಲೆ ಕೈಯಿಟ್ಟಳು. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ನನ್ನನ್ನೇ ದಿಟ್ಟಿಸಿದಳು. "ಅದು ಹೂವಿನ ಬೀಜಾ ಅಂತ ನಿನಗ ಗೊತ್ತಿತ್ತೋ, ಇಲ್ಲೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಕ್ಕ ಬಟ್ಟಲು ತೆಗೆದುಕೊಂಡು ಘಟ್ಟದ ಮುಂದೆ ಕೂತಾಗಿತ್ತು. "ಆಕಿಗೆ ಏನ್ ಗೊತ್ತರಿ ಅತ್ತಿ, ಆಗ ಇನ್ನಾ ಸಣ್ಣ ಹುಡುಗಿ" ಎಂದಳು. ಅಷ್ಟಕ್ಕೇ ಮಾತು ಮುಗಿಯಿತು. ನಾನು ಅವಳ ಪಕ್ಕ ಕೂತು ಬಟ್ಟಲಿಗೆ ಕೈ ಚಾಚಿದರೆ ಮೊಣಕೈಯಿಂದ ತಳ್ಳಿ, ನನಗಷ್ಟೇ ಕೇಳುವಂತೆ ಅಂದಳು:

"ನೀ ನೀರ ಹಾಕು. ಬೀಜಾ ನಿನ್ನ ಕೈಯಾಗ ಕೊಟ್ರ ಕರದ ಇಡ್ತಿ."

ಆ ವರ್ಷ ಘಟ್ಟದಲ್ಲಿ ಮೊಳೆತ ಸಸಿಯನ್ನು ಅತ್ತೆ ತನ್ನ ಕೈಯಾರೆ ನೀಲಕ್ಕನ ತುರುಬಿಗೆ ಮುಡಿಸಿದಳು. ಕರೆಗಳು ಮತ್ತೆ ಅವಳಿಗೆ ಬರತೊಡಗಿದವು. ಹಿತ್ತಲಲ್ಲಿ ತುಳಸಿ ಬಂತು, ಸೇವಂತಿಗೆ ಬಂತು. ಬಂಗಲಿ ಹೂ ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು, ನಾವೇ ತಿಂದಿದ್ದೆವು.

ನೀಲಕ್ಕ ಅಂದು ನನ್ನ ತಲೆಯ ಮೇಲೆ ಹಿಡಿದ ಆ ಒಂದು ಸುಳ್ಳಿನ ಕೆಳಗೆ ನಾನು ಇಷ್ಟು ಕಾಲ ಆರಾಮಾಗಿ ಬದುಕಿದೆ. ಅವಳಿಗೀಗ ಕಣ್ಣು ಮಂದ. ಮೊನ್ನೆ ಅವಳ ಬಳಿ ಹೋಗಿ, ಉಳಿದದ್ದನ್ನೂ ಬರೆದುಬಿಡುತ್ತೇನೆ ಎಂದೆ. "ಬರಿ. ಅನಾರಸ ಚೊಲೋ ಆಗಿದ್ವು ಅಂತನೂ ಬರಿ" ಎಂದಳು. ಬರೆದಿದ್ದೇನೆ. ಎದೆ ಹಗುರಾಗಿದೆ. ಅತ್ತೆ ಅಂದು ಎಲ್ಲರ ಮುಂದೆ ಕೇಳಿದ ಪ್ರಶ್ನೆಗೆ ಎಲ್ಲರ ಮುಂದೆಯೇ ಉತ್ತರ ಹೇಳುವುದು ಬಾಕಿಯಿತ್ತು.

ಗೊತ್ತಿತ್ತು ರೀ, ಅತ್ತಿ.