ಜಯರಾಮಪ್ಪನವರು ಅಳಿಸಿದ ಮೇಲ್

ನಂದಿಯ ದ್ರಾಕ್ಷಿ ಬೆಳೆಗಾರರ ಸಂಘದಲ್ಲಿ ಬೇಗ ಬಿಸಿಯಾಗುವ ವಸ್ತುಗಳು ಎರಡೇ: ಕಂಪ್ಯೂಟರು ಮತ್ತು ಕಾರ್ಯದರ್ಶಿ ಜಯರಾಮಪ್ಪ. ಇ-ಮೇಲ್ ವಿದ್ಯೆಯಲ್ಲಿ ಅವರು ಮನಸಾರೆ ಕಲಿತದ್ದು ಅಳಿಸುವುದನ್ನು. ಯಾರಾದರೂ ತಕರಾರು ಬರೆದರೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ವೈರಿಯನ್ನೇ ಹೂತು ಬಂದವರಂತೆ ಕಾಫಿ ಕುಡಿಯುತ್ತಿದ್ದರು.

ಆ ಸೋಮವಾರ ಚಿಂತಾಮಣಿಯ ವ್ಯಾಪಾರಿ ರಮೇಶ್‌ಬಾಬು ಬರೆದ ಮೇಲ್ ಬಂತು. ಮೊದಲ ಸಾಲೇ, ಹೋದ ಸಲದ ಹಣ್ಣು ಹುಳಿ. ಎರಡನೆಯ ಸಾಲಿಗೆ ಹೋಗುವ ತಾಳ್ಮೆ ಜಯರಾಮಪ್ಪನವರಿಗೆಲ್ಲಿಯದು? ಅಳಿಸಿದರು.

ಮಧ್ಯಾಹ್ನ ರಮೇಶ್‌ಬಾಬು ಫೋನ್ ಮಾಡಿದ.

"ಮೇಲ್ ಪೂರ್ತಿ ಓದುದ್ರಾ ಜಯರಾಮಣ್ಣ? ಈ ಸೀಸನ್ ಹಣ್ಣೆಲ್ಲಾ ನಾನೇ ಎತ್ಕೊತೀನಿ. ರೇಟು ಅದ್ರಲ್ಲೇ ಐತೆ. ಸಾಯಂಕಾಲದೊಳಗೆ ಹೂಂ ಅನ್ನಿ, ಇಲ್ದಿದ್ರೆ ಬೇರೆ ಕಡೆ ನೋಡ್ಕೊತೀನಿ."

"ಓದಿದೀನಪ್ಪ. ಯೋಚ್ನೆ ಮಾಡಿ ಹೇಳ್ತೀನಿ."

ಇನ್ನೊಂದು ಸಲ ಕಳಿಸಪ್ಪ ಎನ್ನಲು ಬಾಯಿ ಬರಲಿಲ್ಲ. ಹುಳಿ ಎಂದವನ ಮುಂದೆ ತಲೆ ತಗ್ಗಿಸುವುದಕ್ಕಿಂತ ಹಣ್ಣು ಬಳ್ಳಿಯಲ್ಲೇ ಕೊಳೆಯಲಿ ಎನಿಸಿತು. ಬಳ್ಳಿಗಳು ಮಾತ್ರ ಊರಿನವರವು.

ಕಂಪ್ಯೂಟರ್ ನೋಡಿಕೊಳ್ಳುವ ರಾಧಾಮಣಿಯನ್ನು ಕರೆದರು.

"ಅಳ್ಸಿದ್ದು ಎಲ್ಲಿಗೋಗ್ತದಮ್ಮಾ?"

"ಎಲ್ಲಿಗೂ ಹೋಗಲ್ಲಣ್ಣ. ಶೆಡ್ಡಲ್ಲಿ ಕೆಟ್ಟ ಹಣ್ಣಿನ ಕ್ರೇಟಿಗೆ ನೀವು ಸುಣ್ಣದ ಗುರುತು ಹಾಕ್ತೀರಲ್ಲ, ಹಾಕ್ದೇಟಿಗೆ ಅದು ತಿಪ್ಪೆಗೋಗ್ತದಾ? ಜಾಗ ಹಿಡ್ಕೊಂಡು ಅಲ್ಲೇ ಕೂತಿರ್ತದೆ. ಆಳು ಕೊಂಡಪ್ಪ ಬಂದು ಸುರಿದು, ಉಳಿದಿದ್ದನ್ನ ಒತ್ತಾಗಿ ಜೋಡಿಸ್ಬೇಕು. ಇ-ಮೇಲಲ್ಲಿ ಆ ಕೆಲ್ಸಕ್ಕೆ ಕಾಂಪ್ಯಾಕ್ಟ್ ಮಾಡೋದು ಅಂತಾರೆ. ಅದಾದ್ರೆ ಮುಗೀತು, ಸಿಗಲ್ಲ."

ಜಯರಾಮಪ್ಪನವರು ಕುರ್ಚಿಯಿಂದ ಎದ್ದರು. ಮೇಲ್ ಪೆಟ್ಟಿಗೆ ಊದಿಕೊಂಡಿದೆ, ಸಣ್ಣ ಮಾಡು ಎಂದು ತಿಂಗಳಿಂದ ಅವಳನ್ನು ಬೈಯುತ್ತಿದ್ದವರು ಅವರೇ.

"ಮಾಡ್ಬಿಟ್ಟಿದೀಯಾ?"

"ಇಲ್ಲಣ್ಣ, ಮರ್ತೋಯ್ತು. ಬೈಬೇಡಿ."

ಬೈಯಲೆಂದೇ ತೆರೆದಿದ್ದ ಬಾಯಿ ಹಾಗೇ ಮುಚ್ಚಿಕೊಂಡಿತು. ಇನ್ನೊಬ್ಬರ ಸೋಮಾರಿತನ ಅವರಿಗೆ ಇಷ್ಟು ಮುದ್ದಾಗಿ ಎಂದೂ ಕಂಡಿರಲಿಲ್ಲ.

ರಾಧಾಮಣಿ ಪೆಟ್ಟಿಗೆಯ ಫೈಲನ್ನೇ ಬಿಚ್ಚಿ, ಅರ್ಥವಿಲ್ಲದ ಅಕ್ಷರಗಳ ರಾಶಿಯಲ್ಲಿ ಹುಡುಕಿ ಓದಿದಳು. "ಅಣ್ಣ, ಹುಳಿ ಅಂದೋನೇ ಹೋದ ಸಲಕ್ಕಿಂತ ಜಾಸ್ತಿ ಕೊಡ್ತಾವ್ನೆ."

"ಕೊಡ್ದೆ ಏನ್ ಮಾಡ್ತಾನೆ," ಎಂದು ಗತ್ತಿನಿಂದ ಫೋನ್ ಎತ್ತಿಕೊಂಡು ಹೂಂ ಅಂದರು.

ಮುಂದಿನ ಸಭೆಯಲ್ಲಿ, "ಕಾಂಪ್ಯಾಕ್ಟ್ ಮಾಡ್ಬೇಡ ಅಂತ ನಾನೇ ತಡ್ದಿದ್ದೆ, ದೂರಾಲೋಚ್ನೆ ಇರ್ಬೇಕು," ಎಂದು ವಿವರಿಸಿದರು. ರಾಧಾಮಣಿ ಕೆಮ್ಮಿದಳು. ಕಾರ್ಯದರ್ಶಿಯ ಅಪ್ಪಣೆಯಿಲ್ಲದೆ ಕಾಂಪ್ಯಾಕ್ಟ್ ಮಾಡಕೂಡದೆಂದು ಠರಾವಾಯಿತು. ಅವರು ಇವತ್ತಿಗೂ ಅಪ್ಪಣೆ ಕೊಟ್ಟಿಲ್ಲ; ಪೆಟ್ಟಿಗೆ ಊದುತ್ತಲೇ ಇದೆ. ಈಗ ಮೇಲ್ ತೆರೆಯಲು ಒತ್ತಿ, ಶೆಡ್ಡಿಗೆ ಹೋಗಿ ಎಲ್ಲರನ್ನೂ ಬೈದು ಬಂದರೂ ಅದು ತೆರೆದಿರುವುದಿಲ್ಲ. ಇನ್ನೊಂದು ಸುತ್ತು ಬೈದು ಬರುತ್ತಾರೆ.